ಲಿನಕ್ಸ್‌ನಲ್ಲಿ ವಿಂಡೋಸ್ ಆಟ: ಉಗ್ರಾಣದ ಹುಡುಗ ಮಾಡುವ ಕೆಲಸ

“ಮಾಮ, ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸೇ ಇಲ್ಲ. ಮತ್ತೆ ಈ ಆಟ ಹೇಗೆ ನಡೆಯುತ್ತಿದೆ?” ಎಂದು ಅಕ್ಕನ ಮಗ ಕೇಳಿದ. “ವಿಂಡೋಸ್ ಇಲ್ಲ ಎನ್ನುವುದು ಆಟಕ್ಕೆ ಗೊತ್ತಿಲ್ಲ” ಎಂದೆ. ತಮಾಷೆ ಮಾಡುತ್ತಿದ್ದೇನೆ ಎಂದುಕೊಂಡು ಅವನು ಮುಖ ಊದಿಸಿದ. ನಾನು ಹೇಳಿದ್ದು ಮಾತ್ರ ನಿಜವೇ ಆಗಿತ್ತು. ನನ್ನ ಲ್ಯಾಪ್‌ಟಾಪ್‌ನಲ್ಲಿರುವುದು ಲಿನಕ್ಸ್, ವಿಂಡೋಸ್‌ನಂತೆಯೇ ಕಂಪ್ಯೂಟರನ್ನು ನಡೆಸುವ ಇನ್ನೊಂದು ಕಾರ್ಯಾಚರಣ ವ್ಯವಸ್ಥೆ. ವೈನ್, ಪ್ರೋಟಾನ್ ಎಂದೆಲ್ಲ ಹೆಸರಿರುವ ತಂತ್ರಾಂಶಗಳ ಕೆಲಸವೆಲ್ಲ ಇಷ್ಟರಲ್ಲೇ ಅಡಗಿದೆ: ಆಟಕ್ಕೆ ತಾನು ಯಾರ ಮನೆಯಲ್ಲಿದ್ದೇನೆ ಎಂದು ತಿಳಿಯದಂತೆ ನೋಡಿಕೊಳ್ಳುವುದು. ಈ ಸುಳ್ಳನ್ನು ಅವು ಎಷ್ಟು ನಾಜೂಕಾಗಿ ಹೇಳುತ್ತವೆ, ಎಲ್ಲಿ ಸಿಕ್ಕಿಬೀಳುತ್ತವೆ ಎಂಬುದನ್ನು ಅವನಿಗೆ ಹೇಳಿದಂತೆಯೇ ಇಲ್ಲಿಯೂ ಹೇಳಲು ಪ್ರಯತ್ನಿಸುತ್ತೇನೆ.

ಆಟವೊಂದರ ಒಳಗೆ ಇಣುಕಿದರೆ ಎರಡು ಬಗೆಯ ಕೆಲಸ ಕಾಣುತ್ತದೆ. ಒಂದು, ಲೆಕ್ಕ. ಶತ್ರು ಎಷ್ಟು ದೂರದಲ್ಲಿದ್ದಾನೆ, ಗುಂಡು ತಗುಲಿತೇ, ಜೀವ ಎಷ್ಟು ಉಳಿಯಿತು ಎಂಬ ಲೆಕ್ಕವನ್ನು ಪ್ರೊಸೆಸರ್ ನೇರವಾಗಿ ಮಾಡುತ್ತದೆ. ಇಂಟೆಲ್ ಅಥವಾ ಎಎಂಡಿ ಪ್ರೊಸೆಸರ್‌ಗೆ ತನ್ನ ಮೇಲೆ ಕುಳಿತಿರುವುದು ವಿಂಡೋಸೋ ಲಿನಕ್ಸೋ ಎಂಬ ಭೇದವಿಲ್ಲ. ಕೂಡು ಎಂದರೆ ಕೂಡುತ್ತದೆ, ಕಳೆ ಎಂದರೆ ಕಳೆಯುತ್ತದೆ. ಇನ್ನೊಂದು, ಬೇಡಿಕೆ. ಈ ಫೈಲ್ ತೆರೆದುಕೊಡು, ಇಷ್ಟು ಮೆಮೊರಿ ಕೊಡು, ಪರದೆಯ ಮೇಲೆ ಜಾಗ ಮಾಡಿಕೊಡು, ಮೌಸ್ ಎಲ್ಲಿದೆ ಹೇಳು. ಇವನ್ನು ಆಟ ತಾನೇ ಮಾಡಿಕೊಳ್ಳುವಂತಿಲ್ಲ, ಕಾರ್ಯಾಚರಣ ವ್ಯವಸ್ಥೆಯನ್ನು ಕೇಳಬೇಕು. ತೊಡಕೆಲ್ಲ ಇರುವುದು ಈ ಬೇಡಿಕೆಗಳಲ್ಲಿ.

ಮದುವೆ ಮನೆಯ ಅಡುಗೆಯನ್ನು ನೆನಪಿಸಿಕೊಳ್ಳಿ. ಹುಳಿ ಮಾಡುವುದನ್ನು ಅಡುಗೆ ಭಟ್ಟರಿಗೆ ಯಾರೂ ಕಲಿಸಬೇಕಿಲ್ಲ. ಕೈ ಅವರದೇ, ಹದ ಅವರದೇ. ಆದರೆ ಬೇಳೆ, ಬೆಲ್ಲ, ಹುಣಸೆಹಣ್ಣಿಗೆ ಅವರು ಉಗ್ರಾಣದ ಕಡೆಗೆ ಕೂಗಲೇಬೇಕು. ಮನೆಯಿಂದ ಮನೆಗೆ ಉಗ್ರಾಣದ ಜೋಡಣೆ ಬೇರೆ, ಊರಿಂದ ಊರಿಗೆ ಸಾಮಾನಿನ ಹೆಸರೂ ಬೇರೆ. ಉಗ್ರಾಣದ ಬಾಗಿಲಲ್ಲಿ ಚುರುಕಾದ ಹುಡುಗನೊಬ್ಬ ನಿಂತು, ಭಟ್ಟರು ತಮ್ಮೂರಿನ ರೂಢಿಯಲ್ಲಿ ಕೂಗಿದ್ದನ್ನು ಈ ಮನೆಯ ಡಬ್ಬಿಯಿಂದ ತೆಗೆದು ಅವರು ಹಿಂದಕ್ಕೆ ಚಾಚಿದ ಕೈಗೆ ಇಡುತ್ತಿದ್ದರೆ, ಭಟ್ಟರು ತಿರುಗಿ ನೋಡುವ ಪ್ರಮೇಯವೇ ಬರುವುದಿಲ್ಲ. ವೈನ್ ಎಂದರೆ ಆ ಹುಡುಗ.

ಈ ಹೋಲಿಕೆಯನ್ನು ಹಿಡಿದರೆ ಜನ ಸಾಮಾನ್ಯವಾಗಿ ಗೊಂದಲ ಮಾಡಿಕೊಳ್ಳುವ ಇನ್ನೆರಡು ಸಂಗತಿಗಳೂ ಬಿಡಿಸಿಕೊಳ್ಳುತ್ತವೆ. ಹಳೆಯ ಪ್ಲೇಸ್ಟೇಷನ್‌ನ ಆಟವನ್ನು ಕಂಪ್ಯೂಟರ್‌ನಲ್ಲಿ ಆಡಿಸುವುದು ಎಮ್ಯುಲೇಟರ್. ಅಲ್ಲಿ ಪ್ರೊಸೆಸರೇ ಬೇರೆ ಜಾತಿಯದು, ಹಾಗಾಗಿ ಒಂದೊಂದು ಆದೇಶವನ್ನೂ ಅನುವಾದಿಸಬೇಕು. ಭಟ್ಟರ ಕೈಯನ್ನೇ ಬೇರೆಯವರು ಆಡಿಸಿದ ಹಾಗೆ. ವರ್ಚುವಲ್ ಮಷಿನ್ ಎಂದರೆ ಭಟ್ಟರ ಊರಿನ ಉಗ್ರಾಣವನ್ನು ಗೋಡೆ ಸಮೇತ ಲಾರಿಯಲ್ಲಿ ತಂದು ನಮ್ಮ ಹಿತ್ತಲಲ್ಲಿ ಇಳಿಸುವುದು: ಲಿನಕ್ಸ್‌ನ ಒಳಗೆ ಇಡೀ ವಿಂಡೋಸ್. ವೈನ್ ಎರಡೂ ಅಲ್ಲ. ಅದರ ಹೆಸರನ್ನೇ “ವೈನ್ ಈಸ್ ನಾಟ್ ಆನ್ ಎಮ್ಯುಲೇಟರ್” ಎಂದು ಬಿಡಿಸುತ್ತಾರೆ. ಪ್ರೊಸೆಸರ್ ಮಾಡಬೇಕಾದ ಲೆಕ್ಕಕ್ಕೆ ಅದು ಕೈ ಹಚ್ಚುವುದಿಲ್ಲ, ಆದ್ದರಿಂದಲೇ ಆಟ ತನ್ನ ಪೂರ್ತಿ ವೇಗದಲ್ಲಿ ಓಡುತ್ತದೆ.

ಇನ್ನು ಸುಳ್ಳಿನ ಪದರಗಳು. ವಿಂಡೋಸ್‌ನ ಇಎಕ್ಸ್‌ಇ (ಪ್ರೋಗ್ರಾಮನ್ನು ಶುರು ಮಾಡುವ) ಫೈಲ್‌ನ ಮೊಟ್ಟಮೊದಲ ಎರಡು ಅಕ್ಷರ ಯಾವಾಗಲೂ ‘ಎಂ’ ಮತ್ತು ‘ಝಡ್’. ವಿಂಡೋಸ್‌ಗೂ ಹಿಂದಿನ ಡಾಸ್ ಎಂಬ ಕಾರ್ಯಾಚರಣ ವ್ಯವಸ್ಥೆಯ ಕಾಲದಲ್ಲಿ ಈ ಫೈಲ್ ಮಾದರಿಯನ್ನು ರೂಪಿಸಿದ ಮೈಕ್ರೋಸಾಫ್ಟ್ ಎಂಜಿನಿಯರ್ ಮಾರ್ಕ್ ಝಿಬಿಕೋವ್‌ಸ್ಕಿಯವರ ಹೆಸರಿನ ಮೊದಲಕ್ಷರಗಳಿವು. ಇಂದಿನ ದೊಡ್ಡ ದೊಡ್ಡ ಆಟಗಳೂ ಅವರ ರುಜು ಹೊತ್ತೇ ಬರುತ್ತವೆ. ಲಿನಕ್ಸ್‌ನ ಪ್ರೋಗ್ರಾಮ್‌ಗಳ ಮಾದರಿ ಬೇರೆ, ಅದಕ್ಕೆ ‘ಎಲ್ಫ್’ ಎನ್ನುತ್ತಾರೆ. ಹಾಗಾಗಿ ಇಎಕ್ಸ್‌ಇ ಫೈಲನ್ನು ಬಿಡಿಸಿ, ಅದರ ತುಂಡುಗಳನ್ನು ಮೆಮೊರಿಯಲ್ಲಿ ಅವು ಬಯಸುವ ಜಾಗದಲ್ಲಿ ಇಡುವುದು ವೈನ್‌ನ ಮೊದಲ ಕೆಲಸ. ಆಮೇಲೆ ಆಟ ತನಗೆ ಬೇಕಾದ, ಹಲವು ಪ್ರೋಗ್ರಾಮ್‌ಗಳು ಹಂಚಿಕೊಳ್ಳುವ ಸಿದ್ಧ ಕೋಡ್ ಇರುವ ಡಿಎಲ್‌ಎಲ್ ಫೈಲ್‌ಗಳನ್ನು ಹೆಸರು ಹಿಡಿದು ಕೇಳುತ್ತದೆ: ಕರ್ನಲ್32, ಯೂಸರ್32, ಎನ್‌ಟಿಡಿಎಲ್‌ಎಲ್. ವೈನ್ ಅದೇ ಹೆಸರಿನ, ಆದರೆ ತಾನೇ ಬರೆದ ಫೈಲ್‌ಗಳನ್ನು ಮುಂದಿಡುತ್ತದೆ. ಫೈಲ್ ತೆರೆಯುವ ವಿಂಡೋಸ್ ಕರೆ ಬಂದರೆ ಅದರೊಳಗೆ ಲಿನಕ್ಸ್‌ನ ಕರೆ ಹೊರಡುತ್ತದೆ, ಬಂದ ಉತ್ತರಕ್ಕೆ ವಿಂಡೋಸ್‌ನ ವೇಷ ತೊಡಿಸಿ ಹಿಂದಿರುಗಿಸಲಾಗುತ್ತದೆ.

ಮನೆಯೂ ಹಾಗೆಯೇ ಸಿದ್ಧವಾಗುತ್ತದೆ. ಆಟಕ್ಕೆ ಸಿ ಡ್ರೈವ್ ಬೇಕು. ಲಿನಕ್ಸ್‌ನಲ್ಲಿ ಸಿ ಡ್ರೈವ್ ಎಂಬುದೇ ಇಲ್ಲ. ವೈನ್ ಒಂದು ಫೋಲ್ಡರ್ ಮಾಡಿ, ಅದರೊಳಗೆ ವಿಂಡೋಸ್, ಪ್ರೋಗ್ರಾಮ್ ಫೈಲ್ಸ್, ಯೂಸರ್ಸ್ ಎಂಬ ಒಳಫೋಲ್ಡರ್‌ಗಳನ್ನು ಇಟ್ಟು, ಇದೇ ಸಿ ಡ್ರೈವ್ ಎಂದು ತೋರಿಸುತ್ತದೆ. ಇದನ್ನು ಪ್ರಿಫಿಕ್ಸ್ ಎನ್ನುತ್ತಾರೆ. ವಿಂಡೋಸ್ ಬಳಕೆದಾರರನ್ನು ಹೆದರಿಸುವ ರಿಜಿಸ್ಟ್ರಿ, ಅಂದರೆ ಸೆಟ್ಟಿಂಗ್‌ಗಳನ್ನೆಲ್ಲ ಕೂಡಿಡುವ ಜಾಗ, ಇಲ್ಲಿ ಯಾರು ಬೇಕಾದರೂ ತೆರೆದು ಓದಬಹುದಾದ ಸಾದಾ ಪಠ್ಯದ ಫೈಲ್. ಒಂದು ಸಣ್ಣ ಕಿರಿಕಿರಿಯೂ ಇದೆ. ವಿಂಡೋಸ್‌ನಲ್ಲಿ ಫೈಲ್‌ನ ಹೆಸರನ್ನು ಇಂಗ್ಲಿಷಿನ ದೊಡ್ಡ ಅಕ್ಷರದಲ್ಲಿ ಬರೆದರೂ ಚಿಕ್ಕ ಅಕ್ಷರದಲ್ಲಿ ಬರೆದರೂ ಒಂದೇ. ಲಿನಕ್ಸ್‌ಗೆ ಅವು ಎರಡು ಬೇರೆ ಫೈಲ್‌ಗಳು. ಆಟ ಬರೆದವರು ಒಂದು ಕಡೆ ದೊಡ್ಡ ಅಕ್ಷರ, ಇನ್ನೊಂದು ಕಡೆ ಚಿಕ್ಕ ಅಕ್ಷರ ಹಾಕಿ ಮರೆತಿರುತ್ತಾರೆ. ವೈನ್ ಪ್ರತಿ ಸಲವೂ ಫೋಲ್ಡರ್ ತಡಕಾಡಿ ಸರಿಯಾದದ್ದನ್ನು ಹುಡುಕಿ ಕೊಡಬೇಕು. ಕನ್ನಡದ ಲಿಪಿಯಲ್ಲಿ ಈ ದೊಡ್ಡ ಚಿಕ್ಕ ಅಕ್ಷರಗಳ ರಗಳೆಯೇ ಇಲ್ಲ ಎಂದು ಇಂಥ ಹೊತ್ತಿನಲ್ಲಿ ಸಮಾಧಾನವಾಗುತ್ತದೆ.

ಇಷ್ಟು ಓದಿದವರಿಗೆ ಇದೇನು ಮಹಾ ಎನಿಸಬಹುದು. ವೈನ್ ಯೋಜನೆಯನ್ನು ಬಾಬ್ ಆಮ್‌ಸ್ಟಾಟ್ ಮತ್ತು ಎರಿಕ್ ಯಂಗ್‌ಡೇಲ್ ಶುರು ಮಾಡಿದ್ದು 1993ರಲ್ಲಿ. ಮರುವರ್ಷವೇ ಹೊಣೆ ಅಲೆಕ್ಸಾಂಡರ್ ಜೂಲಿಯಾರ್ ಅವರಿಗೆ ಬಂತು, ಅಂದಿನಿಂದ ಅವರೇ ಮುನ್ನಡೆಸುತ್ತಿದ್ದಾರೆ. ಮೊದಲ ಸ್ಥಿರ ಆವೃತ್ತಿಯಾದ 1.0 ಹೊರಬಂದದ್ದು 2008ರ ಜೂನ್‌ನಲ್ಲಿ. ನಡುವೆ ಹದಿನೈದು ವರ್ಷ! ಸೋಮಾರಿತನದಿಂದ ಆದ ತಡ ಅದಲ್ಲ. ವಿಂಡೋಸ್‌ನ ಕರೆಗಳು ಸಾವಿರಾರು. ಅವು ಏನು ಮಾಡಬೇಕೆಂದು ಮೈಕ್ರೋಸಾಫ್ಟ್‌ನ ಕೈಪಿಡಿಯಲ್ಲಿ ಬರೆದಿರುತ್ತದೆ, ನಿಜದಲ್ಲಿ ಏನು ಮಾಡುತ್ತವೆ ಎಂಬುದು ಬೇರೆಯೇ ಇರುತ್ತದೆ. ಆಟ ಬರೆಯುವವರು ಕೈಪಿಡಿಯನ್ನು ನಂಬಿ ಬರೆಯುವುದಿಲ್ಲ, ತಮ್ಮ ಕಂಪ್ಯೂಟರ್‌ನಲ್ಲಿ ಓಡಿತೇ ಎಂದು ನೋಡಿ ಬರೆಯುತ್ತಾರೆ. ಹಾಗಾಗಿ ವಿಂಡೋಸ್‌ನಲ್ಲಿ ಒಂದು ತಪ್ಪಿದ್ದರೆ ವೈನ್‌ನಲ್ಲಿಯೂ ಅದೇ ತಪ್ಪು, ಅದೇ ಅಳತೆಯಲ್ಲಿ ಇರಬೇಕು. ವಿಂಡೋಸ್‌ನ ಮೂಲ ಕೋಡ್ ನೋಡುವಂತಿಲ್ಲ. ಸೋರಿಕೆಯಾದ ಕೋಡ್ ಕಂಡವರ ಕೊಡುಗೆಯನ್ನು ವೈನ್ ಸ್ವೀಕರಿಸುವುದೂ ಇಲ್ಲ. ಹೊರಗಿನಿಂದ ಪರೀಕ್ಷೆಯ ಪ್ರೋಗ್ರಾಮ್‌ಗಳನ್ನು ಬರೆದು, ನಿಜವಾದ ವಿಂಡೋಸ್ ಮೇಲೆ ಓಡಿಸಿ, ಅದು ಹೇಗೆ ಉತ್ತರಿಸುತ್ತದೆ ಎಂದು ನೋಡಿ ನೋಡಿಯೇ ಕಟ್ಟಬೇಕು.

ಇಲ್ಲಿ ಒಂದು ಮಾತು ಸೇರಿಸಬೇಕು: ಸುಳ್ಳು ಹೇಳುವುದು ವೈನ್ ಒಂದೇ ಅಲ್ಲ, ವಿಂಡೋಸ್ ಕೂಡ ಹೇಳುತ್ತದೆ. ಸಿಮ್‌ಸಿಟಿ ಆಟದ ಕಥೆ ತಂತ್ರಜ್ಞರ ನಡುವೆ ಹೆಸರಾದದ್ದು. ಬಿಟ್ಟುಕೊಟ್ಟ ಮೆಮೊರಿಯನ್ನೇ ಮತ್ತೆ ಓದುವ ತಪ್ಪು ಆ ಆಟದಲ್ಲಿತ್ತು. ಹಳೆಯ ವಿಂಡೋಸ್‌ನಲ್ಲಿ ಹೇಗೋ ನಡೆದುಹೋಗುತ್ತಿತ್ತು, ವಿಂಡೋಸ್ 95 ಬಂದಾಗ ಕೈಕೊಟ್ಟಿತು. ಮೈಕ್ರೋಸಾಫ್ಟ್ ಆಟವನ್ನು ದೂರುತ್ತ ಕೂರಲಿಲ್ಲ. ಓಡುತ್ತಿರುವುದು ಸಿಮ್‌ಸಿಟಿಯೇ ಎಂದು ಗುರುತಿಸಿ, ಅದು ಬಿಟ್ಟುಕೊಟ್ಟ ಮೆಮೊರಿಯನ್ನು ಕೂಡಲೇ ಹಿಂಪಡೆಯದಂತೆ ವಿಂಡೋಸ್ 95ರಲ್ಲೇ ಏರ್ಪಾಡು ಮಾಡಿತು. ಹಳೆಯ ಪ್ರೋಗ್ರಾಮ್‌ಗಳಿಗೆ ತನ್ನ ಆವೃತ್ತಿಯ ಸಂಖ್ಯೆಯನ್ನು ಬೇರೆಯಾಗಿ ಹೇಳುವ ಕಂಪ್ಯಾಟಿಬಿಲಿಟಿ ಮೋಡ್ ಇವತ್ತಿಗೂ ವಿಂಡೋಸ್‌ನಲ್ಲಿದೆ. ವೈನ್ ಮಾಡುವುದು ಇದನ್ನೇ, ಪಕ್ಕದ ಮನೆಯಲ್ಲಿ ನಿಂತು.

ಆದರೆ ವೈನ್ 1.0 ಬಂದ ಎಷ್ಟೋ ವರ್ಷ ಆಟಗಳ ವಿಷಯದಲ್ಲಿ ಲಿನಕ್ಸ್ ಬಳಕೆದಾರರದು ಹರಕೆ ಹೊತ್ತುಕೊಂಡ ಸ್ಥಿತಿಯೇ ಆಗಿತ್ತು. ಒಂದು ಆಟ ಓಡಿದರೆ ಹತ್ತು ಓಡವು. ಸಮಸ್ಯೆ ಇದ್ದದ್ದು ಚಿತ್ರದಲ್ಲಿ. ವಿಂಡೋಸ್ ಆಟಗಳಲ್ಲಿ ಬಹುಪಾಲು ಗ್ರಾಫಿಕ್ಸ್ ಕಾರ್ಡ್‌ನೊಂದಿಗೆ ಮಾತಾಡುವುದು ಮೈಕ್ರೋಸಾಫ್ಟ್‌ನ ಡೈರೆಕ್ಟ್3ಡಿ ಭಾಷೆಯಲ್ಲಿ. ಲಿನಕ್ಸ್‌ನಲ್ಲಿ ಆಗ ಇದ್ದದ್ದು ಓಪನ್‌ಜಿಎಲ್. ವೈನ್ ಒಂದರಿಂದ ಇನ್ನೊಂದಕ್ಕೆ ಅನುವಾದ ಮಾಡುತ್ತಿತ್ತು. ಎರಡರ ಸ್ವಭಾವ ಕೂಡಿಬರುತ್ತಿರಲಿಲ್ಲ. ಓಪನ್‌ಜಿಎಲ್ ಗ್ರಾಫಿಕ್ಸ್ ಕಾರ್ಡ್‌ನ ಒಳಗುಟ್ಟನ್ನು ಮುಚ್ಚಿಟ್ಟು ತಾನೇ ಎಲ್ಲವನ್ನೂ ನಿಭಾಯಿಸುವ ಹಳೆಯ ಕಾಲದ ಯಜಮಾನ. ಹೊಸ ಡೈರೆಕ್ಟ್3ಡಿಗೆ ಹಲವು ಎಳೆಗಳಲ್ಲಿ (ಥ್ರೆಡ್‌ಗಳಲ್ಲಿ) ಒಟ್ಟಿಗೆ ಕೆಲಸ ಸಾಗಬೇಕು. ನಡುವೆ ನಿಂತ ಅನುವಾದಕನಿಗೆ ಏದುಸಿರು ಬರುತ್ತಿತ್ತು, ಪರದೆಯ ಮೇಲೆ ಆಟ ತೆವಳುತ್ತಿತ್ತು.

2016ರ ಫೆಬ್ರುವರಿಯಲ್ಲಿ ವಲ್ಕನ್ ಬಂತು. ಗ್ರಾಫಿಕ್ಸ್ ಕಾರ್ಡ್‌ನ ಮೆಮೊರಿ, ಕೆಲಸದ ಸರದಿ, ಕಾಯುವಿಕೆ ಎಲ್ಲವನ್ನೂ ಪ್ರೋಗ್ರಾಮ್ ಬರೆಯುವವರ ಕೈಗೇ ಕೊಡುವ ಮುಕ್ತ ಮಾನದಂಡ ಅದು. ಬರೆಯಲು ಪ್ರಯಾಸದ್ದು. ಒಂದು ತ್ರಿಕೋನ ಬಿಡಿಸಲು ನೂರಾರು ಸಾಲು ಬೇಕೆಂದು ಕಲಿಯುವವರು ಗೊಣಗುತ್ತಾರೆ. ಅನುವಾದಕನಿಗೆ ಮಾತ್ರ ಇದು ವರ, ಏಕೆಂದರೆ ಈಗ ಯಾವ ಬೀಗದ ಕೈಯನ್ನೂ ಬೇರೆಯವರು ಬಚ್ಚಿಟ್ಟಿಲ್ಲ. ಫಿಲಿಪ್ ರೆಬೋಲೆ ಎಂಬ ಜರ್ಮನ್ ತರುಣ ‘ನಿಯರ್: ಆಟೋಮಾಟಾ’ ಎಂಬ ಆಟವನ್ನು ಲಿನಕ್ಸ್‌ನಲ್ಲಿ ಆಡಬೇಕೆಂಬ ಆಸೆಯಿಂದ ಡೈರೆಕ್ಟ್3ಡಿ 11ನ್ನು ವಲ್ಕನ್‌ಗೆ ಅನುವಾದಿಸುವ ಡಿಎಕ್ಸ್‌ವಿಕೆ ಬರೆಯಲು ಹೊರಟರು. ಒಂದು ಆಟದ ಮೇಲಿನ ಹಂಬಲದಿಂದ ಹುಟ್ಟಿದ ಈ ಕೆಲಸ ಸಾವಿರಾರು ಆಟಗಳಿಗೆ ಬಾಗಿಲು ತೆರೆಯಿತು. ಡೈರೆಕ್ಟ್3ಡಿ 9ಕ್ಕಾಗಿ ಜೋಶುವಾ ಆಶ್ಟನ್ ಬರೆದ ಭಾಗ 2019ರ ಡಿಸೆಂಬರ್‌ನಲ್ಲಿ ಅದರೊಳಗೆ ಸೇರಿತು. ಡೈರೆಕ್ಟ್3ಡಿ 12ಕ್ಕೆ ವಿಕೆಡಿ3ಡಿ-ಪ್ರೋಟಾನ್ ಎಂಬ ಬೇರೆ ಅನುವಾದಕವಿದೆ. ಈಗ ವಿಂಡೋಸ್ ಬಳಸುವವರೂ ಕೆಲವು ಹಳೆಯ ಆಟಗಳ ಫೋಲ್ಡರ್‌ಗೆ ಡಿಎಕ್ಸ್‌ವಿಕೆಯ ಡಿಎಲ್‌ಎಲ್ ಹಾಕಿಕೊಂಡು ಹೆಚ್ಚು ಸರಾಗವಾಗಿ ಆಡುತ್ತಾರೆ.

ಚಿತ್ರದ ವಿಷಯದಲ್ಲಿ ಕಷ್ಟದ ಭಾಗ ಶೇಡರ್. ನೀರಿನ ಮಿನುಗು, ಬಟ್ಟೆಯ ನೆರಳು, ಹೊಗೆ ಇವನ್ನೆಲ್ಲ ಲೆಕ್ಕ ಹಾಕುವ ಪುಟ್ಟ ಪ್ರೋಗ್ರಾಮ್‌ಗಳಿವು, ಗ್ರಾಫಿಕ್ಸ್ ಕಾರ್ಡ್‌ನಲ್ಲೇ ಓಡುತ್ತವೆ. ಆಟದೊಂದಿಗೆ ಬರುವ ಶೇಡರ್ ಮೈಕ್ರೋಸಾಫ್ಟ್‌ನ ನಡುಭಾಷೆಯಲ್ಲಿರುತ್ತದೆ. ಅದನ್ನು ವಲ್ಕನ್‌ನ ನಡುಭಾಷೆಯಾದ ಸ್ಪರ್-ವಿಗೆ ತಿರುಗಿಸಿ, ಅಲ್ಲಿಂದ ನಿಮ್ಮ ಕಾರ್ಡ್‌ನ ಯಂತ್ರಭಾಷೆಗೆ ಇಳಿಸಬೇಕು. ಇದಕ್ಕೆ ಸಮಯ ಹಿಡಿಯುತ್ತದೆ. ನೀವು ಬಾಗಿಲು ತೆರೆದು ಹೊಸ ಕೋಣೆಗೆ ಕಾಲಿಟ್ಟ ಕ್ಷಣದಲ್ಲೇ ಹೊಸ ಶೇಡರ್ ಬೇಕಾಗುತ್ತದೆ, ಆಟ ಒಂದು ಅರೆಗಳಿಗೆ ತಡವರಿಸುತ್ತದೆ. ಮೊದಲ ಸಲ ಮಾತ್ರ ಹೀಗಾಗುತ್ತದೆ, ಎರಡನೆಯ ಸಲ ಸಿದ್ಧಪಡಿಸಿಟ್ಟದ್ದೇ ಸಿಗುತ್ತದೆ. ಡಿಎಕ್ಸ್‌ವಿಕೆ 2.0 ಆವೃತ್ತಿಯಿಂದ ಈಚೆಗೆ, ಗ್ರಾಫಿಕ್ಸ್ ಕಾರ್ಡನ್ನು ನಡೆಸುವ ತಂತ್ರಾಂಶವಾದ ಡ್ರೈವರ್ ಒಪ್ಪಿದರೆ, ಈ ಕೆಲಸದ ಬಹುಭಾಗವನ್ನು ಆಟ ತೆರೆದುಕೊಳ್ಳುವ ಹೊತ್ತಿಗೇ ಮುಗಿಸಿಬಿಡಬಹುದು. ಅಂತರ್ಜಾಲದಲ್ಲಿ ಆಟ ಮಾರುವ, ವಾಲ್ವ್ ಕಂಪನಿಯ ಸ್ಟೀಮ್ ಅಂಗಡಿಯಂತೂ ಬೇರೆಯವರ ಕಂಪ್ಯೂಟರ್‌ಗಳಲ್ಲಿ ಈಗಾಗಲೇ ಕಂಡುಬಂದ ಶೇಡರ್‌ಗಳನ್ನು ಕೂಡಿಟ್ಟು ಮುಂಚಿತವಾಗಿಯೇ ಕಳಿಸುತ್ತದೆ. “ಶೇಡರ್ ಸಿದ್ಧಪಡಿಸಲಾಗುತ್ತಿದೆ” ಎಂದು ಆಟ ಶುರುವಾಗುವ ಮುಂಚೆ ಕಾಯಿಸುವ ಆ ಪಟ್ಟಿಯನ್ನು ಬೈದುಕೊಳ್ಳಬೇಡಿ.

2022ರ ಫೆಬ್ರುವರಿ 25ರಂದು ಎರಡು ಸಂಗತಿಗಳು ಒಟ್ಟಿಗೆ ನಡೆದವು. ವಾಲ್ವ್ ಕಂಪನಿಯ ಸ್ಟೀಮ್ ಡೆಕ್ ಎಂಬ, ಕೈಯಲ್ಲಿ ಹಿಡಿದು ಆಡುವ ಯಂತ್ರ ಮಾರುಕಟ್ಟೆಗೆ ಬಂತು. ಎಲ್ಡನ್ ರಿಂಗ್ ಎಂಬ ಆಟವೂ ಅದೇ ದಿನ ಬಿಡುಗಡೆಯಾಯಿತು. ವಿಂಡೋಸ್‌ನಲ್ಲಿ ಆಡಿದವರು ಆಟ ತಡವರಿಸುತ್ತದೆ ಎಂದು ದೂರಿದರು. ಆಟ ಕೆಲವು ಕಡೆ ಗ್ರಾಫಿಕ್ಸ್ ಕಾರ್ಡ್‌ಗೆ ಕಳಿಸುವ ಆದೇಶದ ಕಟ್ಟುಗಳನ್ನು ಸಾವಿರಗಟ್ಟಲೆ ಒಮ್ಮೆಗೇ ಸೃಷ್ಟಿಸುತ್ತಿತ್ತು. ವಾಲ್ವ್‌ನವರು ಆಟವನ್ನು ಮುಟ್ಟಲಿಲ್ಲ, ಮುಟ್ಟುವಂತೆಯೂ ಇರಲಿಲ್ಲ. ನಡುವಿನ ಅನುವಾದಕದಲ್ಲಿ ಆ ಕಟ್ಟುಗಳನ್ನು ಕೂಡಿಟ್ಟು ಮರುಬಳಸುವ ಏರ್ಪಾಡು ಮಾಡಿದರು. ಕೆಲವೇ ದಿನಗಳಲ್ಲಿ ಅಂಗೈಯಗಲದ ಲಿನಕ್ಸ್ ಯಂತ್ರದಲ್ಲಿ ಆ ತಡವರಿಕೆ ಬಹಳಷ್ಟು ಇಳಿಯಿತು. ನಡುವೆ ಒಬ್ಬ ಹುಡುಗ ನಿಂತಿರುವುದು ಬರೀ ಹೊರೆಯಲ್ಲ; ಭಟ್ಟರು ಒಂದೇ ಸಾಮಾನಿಗೆ ನೂರು ಸಲ ಕೂಗಿದರೆ ಅವನು ಒಂದೇ ಸಲಕ್ಕೆ ಬುಟ್ಟಿ ತುಂಬಿಸಿ ಪಕ್ಕದಲ್ಲಿ ಇಟ್ಟುಬಿಡಬಲ್ಲ.

ವಾಲ್ವ್ ಇದಕ್ಕೆ ಏಕೆ ಕೈಹಾಕಿತು? ದಾನಧರ್ಮಕ್ಕಲ್ಲ. 2012ರಲ್ಲಿ ಮೈಕ್ರೋಸಾಫ್ಟ್ ತನ್ನದೇ ಆ್ಯಪ್ ಅಂಗಡಿಯೊಂದಿಗೆ ವಿಂಡೋಸ್ 8 ತರುವ ಹೊತ್ತಿಗೆ, ವಿಂಡೋಸ್ ಮೇಲೆಯೇ ಆಟ ಮಾರಿ ಬದುಕುತ್ತಿದ್ದ ವಾಲ್ವ್‌ಗೆ ನೆಲ ಅಲುಗಾಡಿದಂತಾಯಿತು. ಅದರ ಮುಖ್ಯಸ್ಥ ಗೇಬ್ ನ್ಯೂವೆಲ್ ವಿಂಡೋಸ್ 8 ಎಲ್ಲರಿಗೂ ಅನಾಹುತ ಎಂದು ಬಹಿರಂಗವಾಗಿಯೇ ಹೇಳಿದರು. 2015ರಲ್ಲಿ ಸ್ಟೀಮ್ ಮಷಿನ್ ಎಂಬ ಲಿನಕ್ಸ್ ಪೆಟ್ಟಿಗೆಗಳು ಬಂದವು, ಮಕಾಡೆ ಬಿದ್ದವು. ಲಿನಕ್ಸ್‌ಗಾಗಿಯೇ ಬರೆದ ಆಟಗಳು ಸಾಕಷ್ಟಿರಲಿಲ್ಲ. ಆಟ ಮಾಡುವವರನ್ನು ಬೇಡಿಕೊಳ್ಳುವುದಕ್ಕಿಂತ ಇರುವ ಆಟಗಳನ್ನೇ ಓಡಿಸುವುದು ಮೇಲು ಎಂಬ ಪಾಠ ಅಲ್ಲಿ ಸಿಕ್ಕಿರಬೇಕು. ವೈನ್ ತಜ್ಞರಾದ ಕೋಡ್‌ವೀವರ್ಸ್ ಕಂಪನಿಯೊಂದಿಗೆ ಕೈಜೋಡಿಸಿ, ಡಿಎಕ್ಸ್‌ವಿಕೆಯನ್ನೂ ಸೇರಿಸಿ, 2018ರ ಆಗಸ್ಟ್‌ನಲ್ಲಿ ಪ್ರೋಟಾನ್ ಬಿಡುಗಡೆ ಮಾಡಿತು. ಮೊದಲ ದಿನ ಅಧಿಕೃತ ಪಟ್ಟಿಯಲ್ಲಿದ್ದ ಆಟಗಳು 27. ಪ್ರೋಟಾನ್ ಎಂದರೆ ಹೊಸ ಆವಿಷ್ಕಾರವೇನಲ್ಲ. ವೈನ್, ಡಿಎಕ್ಸ್‌ವಿಕೆ, ವಿಕೆಡಿ3ಡಿ, ಆಟದಿಂದ ಆಟಕ್ಕೆ ಬೇಕಾದ ಚಿಕ್ಕಪುಟ್ಟ ತೇಪೆಗಳು ಎಲ್ಲವನ್ನೂ ಒಂದೇ ಬುತ್ತಿ ಕಟ್ಟಿಕೊಟ್ಟದ್ದು. ಆದರೆ ಆ ಬುತ್ತಿ ಬರುವ ಮುಂಚೆ ಇದೇ ಕೆಲಸಕ್ಕೆ ನಾನು ರಾತ್ರಿಗಟ್ಟಲೆ ಕೂತದ್ದುಂಟು. ಈಗ ಆಟದ ಹೆಸರಿನ ಮೇಲೆ ಒತ್ತಿದರೆ ಮುಗಿಯಿತು.

ಇದರಿಂದ ಒಂದು ವಿಚಿತ್ರವೂ ಆಗಿದೆ. 1998ರಿಂದ 2002ರವರೆಗೆ ಬದುಕಿದ್ದ ಲೋಕಿ ಎಂಬ ಕಂಪನಿ ಹೆಸರಾಂತ ಆಟಗಳನ್ನು ಲಿನಕ್ಸ್‌ಗೆಂದೇ ತಿದ್ದಿ ಮಾರುತ್ತಿತ್ತು. ಆ ಲಿನಕ್ಸ್ ಆವೃತ್ತಿಗಳನ್ನು ಇಂದಿನ ಲಿನಕ್ಸ್‌ನಲ್ಲಿ ಓಡಿಸುವುದು ದೊಡ್ಡ ಸಾಹಸ, ಏಕೆಂದರೆ ಅವು ನೆಚ್ಚಿದ್ದ ಲೈಬ್ರರಿಗಳು, ಅಂದರೆ ಡಿಎಲ್‌ಎಲ್‌ನಂಥ ಹಂಚಿಕೆಯ ಫೈಲ್‌ಗಳು, ಬದಲಾಗಿವೆ, ಕೆಲವು ಕಣ್ಮರೆಯಾಗಿವೆ. ಅದೇ ಕಾಲದ ವಿಂಡೋಸ್ ಆಟಗಳು ವೈನ್ ಮೂಲಕ ಎಷ್ಟೋ ಸಲ ಸಲೀಸಾಗಿ ತೆರೆದುಕೊಳ್ಳುತ್ತವೆ. 64 ಬಿಟ್ ವಿಂಡೋಸ್ ಕೈಬಿಟ್ಟಿರುವ 16 ಬಿಟ್ ಪ್ರೋಗ್ರಾಮ್‌ಗಳನ್ನೂ ವೈನ್ ಓಡಿಸುತ್ತದೆ. ಲಿನಕ್ಸ್‌ನಲ್ಲಿ ಬದಲಾಗದೆ ಉಳಿದಿರುವ ಏಕೈಕ ವೇದಿಕೆ ವಿಂಡೋಸ್‌ನದು ಎಂದು ಲಿನಕ್ಸ್ ಮಂದಿಯೇ ತಮಗೆ ತಾವೇ ಚುಚ್ಚಿಕೊಳ್ಳುತ್ತಾರೆ.

ಹುಡುಗನಿಗೆ ಸುಸ್ತಾಗುವ ಇನ್ನೆರಡು ಜಾಗಗಳನ್ನು ಬೇಗ ಹೇಳಿಬಿಡುತ್ತೇನೆ. ದೊಡ್ಡ ಆಟದಲ್ಲಿ ಹತ್ತಾರು ಎಳೆಗಳು ಒಟ್ಟಿಗೆ ಓಡುತ್ತಿರುತ್ತವೆ, ಒಂದಕ್ಕೊಂದು ಕಾಯುತ್ತಿರುತ್ತವೆ. ಯಾರು ಯಾರಿಗೆ ಕಾಯಬೇಕೆಂಬ ಪಂಚಾಯಿತಿಯನ್ನು ವಿಂಡೋಸ್‌ನಲ್ಲಿ ಕರ್ನಲ್, ಅಂದರೆ ಕಾರ್ಯಾಚರಣ ವ್ಯವಸ್ಥೆಯ ತಿರುಳು, ಮಾಡುತ್ತದೆ; ವೈನ್‌ನಲ್ಲಿ ವೈನ್‌ಸರ್ವರ್ ಎಂಬ ಒಂದೇ ಒಂದು ಪ್ರೋಗ್ರಾಮ್ ಮಾಡುತ್ತಿತ್ತು, ಅದರ ಮುಂದೆ ಸಾಲು ನಿಲ್ಲಬೇಕಾಗುತ್ತಿತ್ತು. ಹಲವು ತಾತ್ಕಾಲಿಕ ಉಪಾಯಗಳ ನಂತರ ಕೋಡ್‌ವೀವರ್ಸ್‌ನ ಎಲಿಜಬೆತ್ ಫಿಗುರಾ ಬರೆದ ಎನ್‌ಟಿಸಿಂಕ್ 2025ರ ಮಾರ್ಚ್‌ನಲ್ಲಿ ಬಂದ ಲಿನಕ್ಸ್ ಕರ್ನಲ್ 6.14ರಲ್ಲಿ ಪೂರ್ತಿಯಾಗಿ ಸೇರಿಕೊಂಡಿತು. ವಿಂಡೋಸ್‌ನ ಕಾಯುವ ರೀತಿಯನ್ನು ಲಿನಕ್ಸ್ ಕರ್ನಲ್ ತಾನೇ ಕಲಿತಂತಾಯಿತು. ಇನ್ನೊಂದು, ಉಗ್ರಾಣಕ್ಕೆ ತಾವೇ ನುಗ್ಗುವ ಭಟ್ಟರು. ನಕಲು ತಡೆಯುವ ಕೆಲವು ತಂತ್ರಾಂಶಗಳು ಡಿಎಲ್‌ಎಲ್‌ಗಳನ್ನು ನಂಬದೆ ನೇರವಾಗಿ ಕರ್ನಲ್‌ಗೆ ಕರೆ ಸಂಖ್ಯೆ ಒಪ್ಪಿಸುತ್ತವೆ. ವಿಂಡೋಸ್‌ನ ಆ ಸಂಖ್ಯೆಗೆ ಲಿನಕ್ಸ್‌ನಲ್ಲಿ ಅರ್ಥವೇ ಬೇರೆ. 2021ರ ಫೆಬ್ರುವರಿಯಲ್ಲಿ ಬಂದ ಕರ್ನಲ್ 5.11 ಇಂಥ ಕರೆಗಳನ್ನು ಹೊಸ್ತಿಲಲ್ಲೇ ತಡೆದು ವೈನ್‌ಗೆ ಒಪ್ಪಿಸುವ ದಾರಿ ಮಾಡಿಕೊಟ್ಟಿತು. ವಿಂಡೋಸ್ ಆಟಗಳಿಗಾಗಿ ಲಿನಕ್ಸ್‌ನ ತಿರುಳನ್ನೇ ತಿದ್ದುವ ಕಾಲ ಬಂದಿದೆ ಎಂದರೆ ಇದು ಯಾರೋ ಹವ್ಯಾಸಿಗಳ ಆಟಿಕೆಯಾಗಿ ಉಳಿದಿಲ್ಲ ಎಂದಾಯಿತು.

ಎರಡು ದಿನ ಬಿಟ್ಟು ಅಕ್ಕನ ಮಗ ಮತ್ತೆ ಬಂದ. “ಹಾಗಾದರೆ ವ್ಯಾಲರಂಟ್ ಹಾಕಿಕೊಡಿ, ಮಾಮ.” ಆಗುವುದಿಲ್ಲ ಎಂದೆ. ಯಾಕೆ ಎಂದ. ಇಷ್ಟು ಹೊತ್ತು ಹೇಳಿದ್ದೆಲ್ಲ ಮಗುಚಿಬೀಳುವ ಜಾಗ ಇದು.

ಹಲವರು ಅಂತರ್ಜಾಲದಲ್ಲಿ ಒಟ್ಟಿಗೆ ಆಡುವ ಸ್ಪರ್ಧೆಯ ಆಟಗಳಲ್ಲಿ ಮೋಸ ಮಾಡುವವರಿರುತ್ತಾರೆ. ಗೋಡೆಯಾಚೆಯ ಶತ್ರುವನ್ನು ಕಾಣುವಂತೆ ಮಾಡುವ ತಂತ್ರ ಒಂದಿದೆ. ಅದು ಕೆಲಸ ಮಾಡುವ ಬಗೆ ಗೊತ್ತೇ? ಆಟಕ್ಕೂ ಗ್ರಾಫಿಕ್ಸ್ ಕಾರ್ಡ್‌ಗೂ ನಡುವೆ ಒಂದು ನಕಲಿ ಡೈರೆಕ್ಟ್3ಡಿ ಡಿಎಲ್‌ಎಲ್ ಕೂರಿಸಿ, ಬಿಡಿಸಬೇಕಾದ ಗೋಡೆಯನ್ನು ಬಿಡಿಸದೆ ಬಿಡುವುದು. ಡಿಎಕ್ಸ್‌ವಿಕೆ ಕೂರುವುದೂ ಅದೇ ಜಾಗದಲ್ಲಿ, ಅದೇ ಹೆಸರಿನಲ್ಲಿ. ಮೋಸಗಾರನಿಗೂ ವೈನ್‌ಗೂ ಬೇಕಾದದ್ದು ಒಂದೇ: ಆಟಕ್ಕೆ ಗೊತ್ತಾಗಬಾರದು. ಒಬ್ಬನದು ಕಳ್ಳತನ, ಇನ್ನೊಬ್ಬನದು ಸತ್ಕಾರ. ಬಾಗಿಲ ಕಾವಲುಗಾರನಿಗೆ ಇಬ್ಬರೂ ಒಂದೇ ಥರ ಕಾಣುತ್ತಾರೆ. ಡೈರೆಕ್ಟ್3ಡಿ ಲೈಬ್ರರಿಗಳನ್ನು ಬದಲಿಸಿದ್ದನ್ನು ಮೋಸವೆಂದು ಪರಿಗಣಿಸಿ ಖಾತೆ ರದ್ದಾಗಬಹುದು ಎಂದು ಡಿಎಕ್ಸ್‌ವಿಕೆಯ ಪರಿಚಯ ಪುಟದಲ್ಲೇ ಎಚ್ಚರಿಕೆ ಇದೆ.

ಈ ಕಾವಲುಗಾರರಿಗೆ ಆ್ಯಂಟಿ-ಚೀಟ್ ಎನ್ನುತ್ತಾರೆ. ಅವುಗಳಲ್ಲಿ ಬಲವಾದವು ವಿಂಡೋಸ್ ಕರ್ನಲ್‌ನ ಒಳಗೇ ಡ್ರೈವರ್ ಆಗಿ ಕೂರುತ್ತವೆ, ಇಡೀ ಕಂಪ್ಯೂಟರನ್ನು ಮೇಲಿನಿಂದ ನೋಡುತ್ತವೆ. ವ್ಯಾಲರಂಟ್‌ನ ವ್ಯಾನ್‌ಗಾರ್ಡ್ ಅಂಥದ್ದು. ವೈನ್ ಇರುವುದು ಕರ್ನಲ್‌ನ ಹೊರಗೆ, ಸಾಮಾನ್ಯ ಪ್ರೋಗ್ರಾಮ್‌ಗಳ ಸಾಲಿನಲ್ಲಿ. ವಿಂಡೋಸ್ ಕರ್ನಲ್‌ಗೆಂದು ಬರೆದ ಡ್ರೈವರನ್ನು ಲಿನಕ್ಸ್ ಕರ್ನಲ್‌ನೊಳಗೆ ಕೂರಿಸುವ ದಾರಿ ಅದರ ಬಳಿ ಇಲ್ಲ. ಇದ್ದಿದ್ದರೂ ಎಷ್ಟು ಮಂದಿ ಒಪ್ಪುತ್ತಿದ್ದರು? ಲಿನಕ್ಸ್ ಕರ್ನಲನ್ನು ಯಾರು ಬೇಕಾದರೂ ತಿದ್ದಿ ತಾವೇ ಕಟ್ಟಿಕೊಳ್ಳಬಹುದು. ನಮಗೆ ಅದು ಸ್ವಾತಂತ್ರ್ಯ. ಕಾವಲುಗಾರನಿಗೆ ಮಾತ್ರ ಅದು ತಾನು ನಿಂತ ನೆಲವನ್ನೇ ಮನೆಯವರು ಸರಿಸಬಹುದೆಂಬ ಭಯ.

ನಡುದಾರಿಯೂ ಇದೆ. ಈಸಿ ಆ್ಯಂಟಿ-ಚೀಟ್ ಮತ್ತು ಬ್ಯಾಟಲ್‌ಐ ಎಂಬ ಎರಡು ದೊಡ್ಡ ಕಾವಲು ತಂತ್ರಾಂಶಗಳು 2021ರ ಸೆಪ್ಟೆಂಬರ್‌ನಲ್ಲಿ ಪ್ರೋಟಾನ್ ಜೊತೆ ಕೆಲಸ ಮಾಡಲು ಒಪ್ಪಿದವು. ಅಲ್ಲಿ ಅವು ಕರ್ನಲ್‌ಗೆ ಇಳಿಯುವುದಿಲ್ಲ, ಮೇಲಿನಿಂದಲೇ ಕೆಲಸ ಮಾಡುತ್ತವೆ. ಆದರೆ ಈ ಅವಕಾಶವನ್ನು ಬಳಸಬೇಕೋ ಬೇಡವೋ ಎಂಬುದು ಆಟದ ಕಂಪನಿಯ ಇಷ್ಟ. ಈಸಿ ಆ್ಯಂಟಿ-ಚೀಟ್‌ನ ಒಡೆತನ ಎಪಿಕ್ ಕಂಪನಿಯದು. ಎಪಿಕ್‌ನದೇ ಫೋರ್ಟ್‌ನೈಟ್ ಲಿನಕ್ಸ್‌ಗೆ ಬರಲಿಲ್ಲ. ಬಂದವರು ಹಿಂದೆ ಸರಿದದ್ದೂ ಇದೆ. ಲಿನಕ್ಸ್‌ನ ಮುಕ್ತತೆ ಮೋಸಗಾರರಿಗೆ ಅನುಕೂಲ ಮಾಡಿಕೊಡುತ್ತಿದೆ ಎಂಬ ಕಾರಣ ಕೊಟ್ಟು ಅಪೆಕ್ಸ್ ಲೆಜೆಂಡ್ಸ್ 2024ರ ಅಕ್ಟೋಬರ್ ಕೊನೆಯಲ್ಲಿ ಲಿನಕ್ಸ್ ಬಾಗಿಲು ಮುಚ್ಚಿತು. ಅದೇ ವರ್ಷದ ಮೇ ತಿಂಗಳಲ್ಲಿ ವ್ಯಾನ್‌ಗಾರ್ಡ್ ಸೇರಿದ ಮೇಲೆ, ವರ್ಷಗಳಿಂದ ವೈನ್‌ನಲ್ಲಿ ನಡೆಯುತ್ತಿದ್ದ ಲೀಗ್ ಆಫ್ ಲೆಜೆಂಡ್ಸ್ ನಿಂತುಹೋಯಿತು. ಕಂಪನಿಗಳ ವಾದದಲ್ಲಿ ಹುರುಳಿಲ್ಲ ಎನ್ನಲಾರೆ. ಆದರೆ ಕರ್ನಲ್ ಮಟ್ಟದ ಕಾವಲಿರುವ ವಿಂಡೋಸ್‌ನಲ್ಲಿಯೂ ಮೋಸ ನಿಂತಿಲ್ಲ ಎಂಬುದೂ ಅಷ್ಟೇ ನಿಜ. ಒಂದು ಆಟಕ್ಕಾಗಿ ಕಂಪ್ಯೂಟರ್‌ನ ಬೀಗದ ಕೈಗೊಂಚಲನ್ನೇ ಒಪ್ಪಿಸಲು ನನಗಂತೂ ಮನಸ್ಸಿಲ್ಲ.

ಉಳಿದ ಅಡ್ಡಿಗಳು ಇದರ ಮುಂದೆ ಚಿಕ್ಕವು. ಕೆಲವು ಆಟಗಳಲ್ಲಿ ಕಥೆ ಹೇಳುವ ವಿಡಿಯೊ ಬರಬೇಕಾದ ಕಡೆ, ಹಿಂದೆ ದೂರದರ್ಶನದಲ್ಲಿ ಕಾರ್ಯಕ್ರಮ ಶುರುವಾಗುವ ಮುಂಚೆ ಬರುತ್ತಿದ್ದಂಥ ಬಣ್ಣದ ಪಟ್ಟಿಗಳು ಕಾಣಿಸಿಕೊಳ್ಳುತ್ತವೆ. ಆ ವಿಡಿಯೊ ಮಾದರಿಗಳ ಮೇಲೆ ಪೇಟೆಂಟ್ ಇರುವುದರಿಂದ ವಾಲ್ವ್ ಅವನ್ನು ಬಿಚ್ಚುವ ತಂತ್ರಾಂಶವನ್ನು ಪ್ರೋಟಾನ್‌ನೊಳಗೆ ಇಟ್ಟಿರುವುದಿಲ್ಲ. ಜಿಇ-ಪ್ರೋಟಾನ್ ಎಂಬ ಸಮುದಾಯದ ಆವೃತ್ತಿ ಹಾಕಿಕೊಂಡರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ನೀವೇ ಪ್ರಯತ್ನಿಸುವುದಾದರೆ ಸ್ಟೀಮ್‌ನಿಂದ ಶುರು ಮಾಡಿ. ಆಟದ ಪ್ರಾಪರ್ಟೀಸ್‌ನಲ್ಲಿ ಕಂಪ್ಯಾಟಿಬಿಲಿಟಿ ಎಂಬ ಕಡೆ ಯಾವ ಪ್ರೋಟಾನ್ ಬೇಕೆಂದು ಆರಿಸಬಹುದು. ಒಂದು ಆವೃತ್ತಿಯಲ್ಲಿ ಓಡದ್ದು ಇನ್ನೊಂದರಲ್ಲಿ ಓಡುವುದುಂಟು. ಎಪಿಕ್ ಮತ್ತು ಜಿಒಜಿ ಅಂಗಡಿಗಳ ಆಟಗಳಿಗೆ ಹೀರೋಯಿಕ್, ಉಳಿದವಕ್ಕೆ ಲೂಟ್ರಿಸ್ ಅಥವಾ ಬಾಟಲ್ಸ್ ಎಂಬ ತಂತ್ರಾಂಶಗಳಿವೆ. ಹಣ ಕೊಡುವ ಮುಂಚೆ ಪ್ರೋಟಾನ್‌ಡಿಬಿ ತಾಣದಲ್ಲಿ ಆಡಿದವರ ಅನುಭವ ಓದಿ, ಹೊಸ ತಾರೀಖಿನವನ್ನೇ ನಂಬಿ. ಹಿಂದೊಮ್ಮೆ ನಾನು ಜಾಗ ಉಳಿಸಲೆಂದು ಹಳೆಯ ವಿಂಡೋಸ್ ಡ್ರೈವ್‌ನಲ್ಲೇ ಆಟಗಳನ್ನು ಇಟ್ಟು, ಯಾಕೆ ತೆರೆಯುತ್ತಿಲ್ಲವೆಂದು ಅರ್ಧ ದಿನ ತಲೆ ಕೆರೆದುಕೊಂಡಿದ್ದೆ. ಪ್ರಿಫಿಕ್ಸ್‌ನೊಳಗೆ ಸಿ ಅಕ್ಷರದ ಮುಂದೆ ವಿವರಣ ಚಿಹ್ನೆ, ಅಂದರೆ ಎರಡು ಚುಕ್ಕೆ ಇರುವ ಹೆಸರಿನ ಕೊಂಡಿಯೊಂದು ಇರುತ್ತದೆ; ವಿಂಡೋಸ್‌ನ ಎನ್‌ಟಿಎಫ್‌ಎಸ್ ಡ್ರೈವ್‌ಗೆ ಅಂಥ ಹೆಸರು ಒಗ್ಗುವುದಿಲ್ಲ. ಆಟಗಳನ್ನು ಲಿನಕ್ಸ್‌ನದೇ ಡ್ರೈವ್‌ನಲ್ಲಿ ಇಡಿ. ಲ್ಯಾಪ್‌ಟಾಪ್ ಹತ್ತು ಹನ್ನೆರಡು ವರ್ಷ ಹಳೆಯದಾದರೆ ಅದರ ಗ್ರಾಫಿಕ್ಸ್ ಚಿಪ್‌ಗೆ ವಲ್ಕನ್ ಪೂರ್ತಿ ಬರುತ್ತದೆಯೇ ಎಂದು ಮೊದಲು ನೋಡಿ, ಏಕೆಂದರೆ ಹೊಸ ಡಿಎಕ್ಸ್‌ವಿಕೆಗೆ ವಲ್ಕನ್ 1.3 ಬೇಕು. ಬಾರದಿದ್ದರೆ ಡಿಎಕ್ಸ್‌ವಿಕೆಯನ್ನು ಬಿಟ್ಟು ಹಳೆಯ ಓಪನ್‌ಜಿಎಲ್ ದಾರಿಯಲ್ಲೇ ಹೋಗುವಂತೆ ಪ್ರೋಟಾನ್‌ಗೆ ಹೇಳಬಹುದು. ಹಳೆಯ ಆಟಗಳಿಗೆ ಅದು ಈಗಲೂ ಸಾಲುತ್ತದೆ.